ಇಪ್ಪತ್ತನೇ ದಿನದ ಮಣ್ಣು

ಈ ಸಲದ ಆಯುಧ ಪೂಜೆಯ ಕಡ್ಲೆಪುರಿ ಎರಡೇ ದಿನಕ್ಕೆ ಮೆತ್ತಗಾಯಿತು. ವೇಲಚೇರಿಯಲ್ಲಿ ಮಳೆ ಹಿಡಿದರೆ ಹಪ್ಪಳ, ಬೆಂಕಿಪೊಟ್ಟಣ, ಕಡ್ಲೆಪುರಿ ಯಾವುದೂ ಗರಿಗರಿಯಾಗಿ ಉಳಿಯುವುದಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಲಿಫ್ಟಿಗೂ ನೀರಿನ ಮೋಟರಿಗೂ ಗಂಧ ಕುಂಕುಮ ಹಚ್ಚಿ ಮನೆಗೊಂದರಂತೆ ಹಂಚಿದ ಪೊಟ್ಟಣ ಅದು. ಬಿಸಾಡಲು ಮನಸ್ಸಾಗದೆ ಬಾಣಲೆಗೆ ಸುರಿದು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದೆ. ಸ್ವಲ್ಪ ಹೊತ್ತಿಗೆ ವಾಸನೆ ಎದ್ದಿತು. ಒಣ ಅಕ್ಕಿಯದು, ಚೂರು ಸೀದದ್ದು, ಚೂರು ಧೂಳಿನದು… ಒಲೆ ಆರಿಸಿದೆ. ಆ ವಾಸನೆ ಬಂದಾಗಲೆಲ್ಲ ನನಗೆ ಒಬ್ಬರ ನೆನಪಾಗುತ್ತದೆ. ನೆನಪು ಎಂದರೆ ಕಣ್ಣು ಒದ್ದೆಯಾಗುವಂಥದ್ದಲ್ಲ, ಹಲ್ಲು ಕಡಿಯುವಂಥದ್ದು.

ಅವರು ನನ್ನ ಗೈಡ್. ಪಿಎಚ್‌.ಡಿ. ಮಾಡುವವರ ಪಾಲಿಗೆ ಗೈಡ್ ಎಂದರೆ ಅರ್ಧ ದೇವರು, ಅರ್ಧ ಅತ್ತೆ. ಅವರು ಹೋಗಿ ಎಷ್ಟೋ ವರ್ಷವಾಯಿತು. ಒಂದು ಸಲವಾದರೂ ಅವರನ್ನು ಏಕವಚನದಲ್ಲಿ ಬೈಯಬೇಕೆಂದು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಪ್ರಯತ್ನಿಸಿದ್ದುಂಟು. ನಾಲಿಗೆ ಹೊರಳುವುದಿಲ್ಲ. ನಮ್ಮಮ್ಮ ಬೆಳೆಸಿದ ರೀತಿ ಹಾಗೆ. ಆದ್ದರಿಂದ ಬಹುವಚನದಲ್ಲೇ ಬೈಯುತ್ತೇನೆ.

ತೊಂಬತ್ತೇಳರಲ್ಲಿ ನಾನು ಅವರ ಬಳಿ ಸೇರಿದೆ. ಆಗ ನಮ್ಮ ಮನೆ ಇದೇ ಊರಿನ ಉತ್ತರದ ಮಾಧವರಂನಲ್ಲಿತ್ತು. ಅಪ್ಪ ಮೈಸೂರಿನ ಕಡೆಯಿಂದ ರೈಲ್ವೆ ಫಿಟ್ಟರ್ ಆಗಿ ಬಂದು ಅಲ್ಲೇ ನೆಲೆ ನಿಂತವರು. ಮನೆಯಲ್ಲಿ ಮೈಸೂರು ಕನ್ನಡಕ್ಕೆ ತಮಿಳಿನ ಒಗ್ಗರಣೆ. ಸಂಸ್ಥೆ ಇದ್ದದ್ದು ಊರಿನ ದಕ್ಷಿಣದ ತುದಿಯಲ್ಲಿ, ಎರಡು ಬಸ್ಸು ಬದಲಿಸಿ ಹೋಗಬೇಕು. ಸಂದರ್ಶನದಲ್ಲಿ ನನ್ನ ಅರ್ಜಿ ನೋಡಿದವರೇ ಇಂಗ್ಲಿಷ್ ಬಿಟ್ಟು, "ಮೈಸೂರು ಕಡೆಯವ್ರಾ? ಹಾಗಾದ್ರೆ ನಮ್ಮೋಳು ಬಿಡು" ಎಂದರು. ಅಪ್ಪನಿಗೆ ಅದನ್ನು ಹೇಳಿದಾಗ ಅವರ ಮುಖ ನೋಡಬೇಕಿತ್ತು. ಈ ಊರಲ್ಲಿ ನಮ್ಮವರೊಬ್ಬರು ಸಿಕ್ಕಿದರು, ಇನ್ನು ಮಗಳ ಚಿಂತೆಯಿಲ್ಲ ಎಂದು ಮನೆಮನೆಗೆ ಹೇಳಿಕೊಂಡು ಬಂದರು.

"ನಮ್ಮೋಳು" ಎಂಬ ಮಾತಿನ ಬೆಲೆ ಆಮೇಲೆ ಗೊತ್ತಾಯಿತು. ಬೇರೆ ವಿದ್ಯಾರ್ಥಿಗಳಿಗೆ ಹೇಳಲು ಸಂಕೋಚವಾಗುವ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ಅವರ ತಾಯಿಯ ಮಾತ್ರೆ ತರುವುದು, ಮಗನ ಶಾಲೆಗೆ ಥರ್ಮಾಕೋಲಿನಲ್ಲಿ ಸೌರವ್ಯೂಹ ಮಾಡಿಕೊಡುವುದು, ಬೇಸಿಗೆಯಲ್ಲಿ ಊರಿಗೆ ಹೋದರೆ ಅವರ ಮನೆಯ ತುಳಸಿಗೆ ನೀರು ಹಾಕುವುದು. ತಿರುವೊಟ್ಟಿಯೂರಿನ ಆಚೆಯ ಉಪ್ಪಿನ ಗದ್ದೆಗಳಿಂದ ಜೇಡಿಮಣ್ಣು ತರುವ ಕೆಲಸವೂ ನನ್ನದೇ. "ನಿಮ್ಮನೆ ಆ ಕಡೆನೇ ಅಲ್ವಾ?" ಎನ್ನುತ್ತಿದ್ದರು. ಸಿಮೆಂಟ್ ಚೀಲದಲ್ಲಿ ಒದ್ದೆ ಮಣ್ಣು ಹೊತ್ತು ಬಸ್ ಹತ್ತಿದರೆ ಕಂಡಕ್ಟರುಗಳು ನನ್ನನ್ನು ಮೀನಿನವಳೆಂದುಕೊಂಡು ಹಿಂದೆ ಹೋಗಲು ಹೇಳುತ್ತಿದ್ದರು.

ಜೀವ ಹೇಗೆ ಹುಟ್ಟಿತು ಎಂಬುದು ಅವರ ವಿಷಯ. ಮೊದಲ ಪ್ರಾಣಿ ಯಾವುದು ಎಂಬುದಲ್ಲ, ಅದಕ್ಕೂ ಹಿಂದಿನದು. ಬರೀ ಕಲ್ಲು, ನೀರು, ಬಿಸಿಲು ಇದ್ದ ಭೂಮಿಯಲ್ಲಿ ಸತ್ತ ರಾಸಾಯನಿಕಗಳು ಒಂದಕ್ಕೊಂದು ಕೈಹಿಡಿದು ಸರಪಣಿಯಾದದ್ದು ಹೇಗೆ ಎಂಬುದು. ಹೊರದೇಶದಲ್ಲಿ ಕಲಿತು ಬಂದವರು, ಬೇಕಿದ್ದರೆ ಅಲ್ಲೇ ಇರಬಹುದಿತ್ತು. ಬಂದ ಹೊಸದರಲ್ಲಿ ಗಾಜಿನ ಬುರುಡೆಯಲ್ಲಿ ಅನಿಲ ತುಂಬಿ ವಿದ್ಯುತ್ ಕಿಡಿ ಹಾರಿಸುತ್ತ ಕೂತರಂತೆ. ಸುತ್ತಲಿನವರು ಬಣ್ಣ, ಚರ್ಮ, ಸಿಮೆಂಟ್ ಎಂದು ಕಂಪನಿಗಳ ಯೋಜನೆ ಹಿಡಿದು ದೊಡ್ಡ ರೂಮುಗಳಿಗೆ ಹೋದರು. ಇವರಿಗೆ ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಒಂದು ಕೋಣೆ. ಬೆನ್ನ ಹಿಂದೆ "ಬ್ರಹ್ಮ ಬಂದ್ರು" ಎಂದು ನಗುತ್ತಿದ್ದರು. ಅದು ಅವರ ಕಿವಿಗೆ ಬೀಳುತ್ತಿತ್ತು ಎಂದು ನನಗೆ ಗೊತ್ತು, ಏಕೆಂದರೆ ಆ ದಿನ ನನಗೆ ಬೈಗುಳ ಜಾಸ್ತಿ.

ಅವರ ತಾಯಿ ಕಟ್ಟಾ ಮಡಿಯ ಹೆಂಗಸು. ಮಗ ದೇವರನ್ನು ನಂಬುತ್ತಿರಲಿಲ್ಲ, ಮಡಿಯನ್ನು ಮಾತ್ರ ಅಡುಗೆಮನೆಯಿಂದ ಎತ್ತಿಕೊಂಡು ಬಂದು ಲ್ಯಾಬಿನಲ್ಲಿ ಸ್ಥಾಪಿಸಿದ್ದರು. ಚಪ್ಪಲಿ ಹೊರಗೆ. ಬರಿಗೈಯಲ್ಲಿ ಏನನ್ನೂ ಮುಟ್ಟುವಂತಿಲ್ಲ, ಬೆರಳ ಗುರುತಿನಲ್ಲೂ ಅಮೈನೋ ಆಮ್ಲ ಇರುತ್ತದೆ. ನಾನು ಮಲ್ಲಿಗೆ ಮುಡಿಯುವುದನ್ನು ಬಿಟ್ಟದ್ದು ಅವರ ಕಾರಣಕ್ಕೆ. "ಈ ಕೋಣೆ ತುಂಬಾ ಜೀವ ಇದೆ ಕಣಮ್ಮ. ನಾವು ಹುಡುಕ್ತಿರೋದು ಜೀವ ಇಲ್ಲದ ಕಾಲನ. ಒಂದು ಎಳೆ ಕೂದಲು ಬಿದ್ರೂ ಕೆಟ್ಟೋಯ್ತು" ಎನ್ನುತ್ತಿದ್ದರು. ಸುಳ್ಳು ಹೇಳಬಾರದು, ಅವರು ಕಲಿಸಿದ ಹಾಗೆ ಇನ್ನೊಬ್ಬರು ಕಲಿಸಲಿಲ್ಲ. ಗಾಜಿನ ಕೊಳವೆಯ ಬಾಯನ್ನು ಉರಿಯಲ್ಲಿ ಕರಗಿಸಿ ಮುಚ್ಚುವುದನ್ನು ನನ್ನ ಕೈ ಹಿಡಿದು ಹೇಳಿಕೊಟ್ಟರು. ಅದನ್ನೂ ಬರೆದಿಡುತ್ತೇನೆ, ಲೆಕ್ಕ ಸರಿಯಿರಲಿ.

ಎರಡು ಸಾವಿರನೇ ಇಸವಿಯಲ್ಲಿ ಅರವತ್ತು ದಿನದ ಒಂದು ದೊಡ್ಡ ಪ್ರಯೋಗ ಹೂಡಿದರು. ಸುಟ್ಟು ಶುದ್ಧ ಮಾಡಿದ ಉಪ್ಪಿನ ಗದ್ದೆಯ ಮಣ್ಣಿನ ಮೇಲೆ ಅಮೈನೋ ಆಮ್ಲದ ನೀರು ಹಾಕಿ, ತಟ್ಟೆಗಳನ್ನು ಓವನ್‌ನಲ್ಲಿ ಒಣಗಿಸುವುದು. ಮತ್ತೆ ನೀರು, ಮತ್ತೆ ಒಣಗು. ಬೆಳಿಗ್ಗೆ ಎಂಟಕ್ಕೊಮ್ಮೆ, ಸಾಯಂಕಾಲ ಆರಕ್ಕೊಮ್ಮೆ. ಸಮುದ್ರದ ಅಂಚಿನ ಹೊಂಡ ಉಬ್ಬರಕ್ಕೆ ತುಂಬಿ ಬಿಸಿಲಿಗೆ ಒಣಗುವ ಹಾಗೆ. ಒಂದು ಹೊತ್ತೂ ತಪ್ಪಬಾರದು. ಜೊತೆಗೆ ಬ್ಲ್ಯಾಂಕ್ ಎಂದು ಒಂದು ಇರುತ್ತದೆ. ಬರೀ ಮಣ್ಣು, ಬರೀ ನೀರು ಹಾಕಿದ ತಟ್ಟೆ. ಅದರಲ್ಲಿ ಏನಾದರೂ ಸಿಕ್ಕಿತೆಂದರೆ ಎಲ್ಲಿಂದಲೋ ಕೊಳೆ ಸೇರಿದೆ ಎಂದೇ ಅರ್ಥ. ಪ್ರಯೋಗಕ್ಕೆ ಮುಂಚೆ ಒಂದು, ಮುಗಿದ ಮೇಲೆ ಒಂದು, ಎರಡು ಬ್ಲ್ಯಾಂಕ್ ಮಾಡಲೇಬೇಕು ಎಂಬುದು ಅವರ ಕಟ್ಟುನಿಟ್ಟು.

ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮಗೆ ಎಡಗೈ ಬಲಗೈ ಇರುವ ಹಾಗೆ ಅಮೈನೋ ಆಮ್ಲಗಳಿಗೂ ಎಡ, ಬಲ ಎಂಬ ಎರಡು ರೂಪಗಳಿವೆ. ತಾನಾಗಿ ಉಂಟಾದರೆ ಎರಡೂ ಸಮಸಮ, ನಾವು ತಟ್ಟೆಗೆ ಹಾಕುತ್ತಿದ್ದದ್ದೂ ಹಾಗೆಯೇ. ಆದರೆ ಮನುಷ್ಯ, ಮೀನು, ಅಕ್ಕಿ, ಹುಲ್ಲು, ಜೀವವಿರುವ ಕಡೆಯೆಲ್ಲ ಎಡದ್ದೇ ದರ್ಬಾರು. ಯಾಕೆ ಎಂದು ಯಾರಿಗೂ ಗೊತ್ತಿಲ್ಲ. ಜೇಡಿಮಣ್ಣೇ ಎಡದ್ದನ್ನು ಆರಿಸಿರಬೇಕು ಎಂಬುದು ನನ್ನ ಗೈಡ್ ಅವರ ಇಪ್ಪತ್ತು ವರ್ಷದ ಕನಸು.

ಇಪ್ಪತ್ತನೇ ದಿನ ನಾನು ಒಂದು ಚಿಟಿಕೆ ಮಣ್ಣು ತೆಗೆದು ನೋಡಿದೆ. ಸರಪಣಿಗಳಾಗಿದ್ದವು! ಆ ಮಣ್ಣಿನ ಮೇಲೆ ಅಷ್ಟು ಉದ್ದದ ಸರಪಣಿ ಯಾರಿಗೂ ಬಂದಿರಲಿಲ್ಲ. ಎಡ ಬಲ ಸಮಸಮ ಇತ್ತು, ಎಂದರೆ ಕೊಳೆಯಲ್ಲ, ನಿಜವಾಗಿ ಅಲ್ಲೇ ಹುಟ್ಟಿದ್ದು. ಓಡಿಹೋಗಿ ತೋರಿಸಿದೆ. ಅವರು ಕಾಗದವನ್ನು ಅರ್ಧ ನಿಮಿಷ ನೋಡಿ, "ಸಮಸಮ ಇದೆಯಲ್ಲಮ್ಮ. ಇದು ಕಲ್ಲಿನ ಕೆಮಿಸ್ಟ್ರಿ. ನಂಗೆ ಬೇಕಾಗಿರೋದು ಜೀವದ್ದು" ಎಂದು ವಾಪಸ್ ಕೊಟ್ಟರು. ನಾನು ಉಳಿದ ಚಿಟಿಕೆಯನ್ನು ಗಾಜಿನ ಕೊಳವೆಯಲ್ಲಿ ಹಾಕಿ, ಬಾಯಿ ಕರಗಿಸಿ ಮುಚ್ಚಿ, ದಿನಾಂಕ ಬರೆದು ಇಟ್ಟುಕೊಂಡೆ. ಮೂರು ವರ್ಷದ ಕೆಲಸದಲ್ಲಿ ನನ್ನದು ಎಂದು ಹೇಳಿಕೊಳ್ಳುವಂಥದ್ದು ಅದೊಂದೇ.

ಆಯುಧ ಪೂಜೆಯ ಹಿಂದಿನ ದಿನ ಮಧ್ಯಾಹ್ನ ಕಾರಿಡಾರಿನ ಫೋನಿಗೆ ಅಮ್ಮನ ಕರೆ ಬಂತು. "ಅಪ್ಪಂಗೆ ಎದೆ ನೋವು ಕಣೇ. ಆಸ್ಪತ್ರೆಗೆ ಸೇರ್ಸಿದೀವಿ. ಸೀಕ್ರಂ, ಬೇಗ ಬಂದ್ಬಿಡು." ಗೈಡ್ ಊರಿನಲ್ಲಿರಲಿಲ್ಲ, ದಸರಾ ಎಂದು ಸಂಸಾರ ಸಮೇತ ಮೈಸೂರಿಗೆ ಹೋಗಿದ್ದರು. ಗೇಟಿನ ಹೊರಗಿನ ಎಸ್‌ಟಿಡಿ ಬೂತಿನಿಂದ ಅವರ ಅಣ್ಣನ ಮನೆಗೆ ಫೋನ್ ಮಾಡಿದೆ. ಹಿಂದೆ ಹೆಂಗಸರ ನಗು, ಪಾತ್ರೆಗಳ ಸದ್ದು, ಹಬ್ಬದ ಮನೆ. ಹಬ್ಬದ ಮನೆಗೆ ಫೋನ್ ಮಾಡಿ ಕೆಟ್ಟ ಮಾತು ಆಡಬಾರದು ಎಂದು ನಮಗೆ ಹುಟ್ಟಿದಾಗಿನಿಂದ ಹೇಳಿಕೊಟ್ಟಿದ್ದಾರೆ. "ಅಪ್ಪಂಗೆ ಸ್ವಲ್ಪ ಹುಷಾರಿಲ್ಲ ಸಾರ್. ನಾನು ಈಗಲೇ ಮನೆಗೆ ಹೋಗ್ಬಹುದಾ?" ಎಂದೆ.

"ಸಾಯಂಕಾಲದ ನೀರು ಯಾರು ಹಾಕ್ತಾರೆ?" ಎಂದರು.

"ಅಟೆಂಡರ್ ಅಣ್ಣನಿಗೆ ಹೇಳಿ ಹೋಗ್ತೀನಿ ಸಾರ್."

"ಬೇಡ ಬೇಡ. ಅವನ ಕೈ ಕ್ಲೀನ್ ಇರಲ್ಲ. ಇವತ್ತು ತಪ್ಪಿದ್ರೆ ನಲವತ್ತು ದಿನ ನೀರಲ್ಲಿ ಹೋಮ ಮಾಡಿದ ಹಾಗೆ. ಆರು ಗಂಟೆಗೆ ನೀರು ಹಾಕಿ ಹೊರಡು. ಏನೂ ಆಗಲ್ಲ."

ನಾನು ನಿಂತೆ. ಈಗ ಯೋಚಿಸಿದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ, ಆದರೆ ನಿಂತೆ. ಆರಕ್ಕೆ ಕೈಗವಸು ಹಾಕಿಕೊಂಡು ಹನ್ನೆರಡು ತಟ್ಟೆಗಳಿಗೆ ಒಂದೊಂದಾಗಿ ನೀರು ಬಿಟ್ಟು, ಓವನ್ ಬಾಗಿಲು ಮುಚ್ಚಿ, ಬಸ್ ಹಿಡಿದೆ. ಹಬ್ಬದ ಜನ. ಬಾಳೆಕಂದು, ಬೂದುಗುಂಬಳ ಹೊತ್ತವರು ಫುಟ್‌ಬೋರ್ಡಿನ ತನಕ. ಆಸ್ಪತ್ರೆ ತಲುಪಿದಾಗ ಎಂಟು. ಅಪ್ಪ ನಾಲ್ಕೂವರೆಗೇ ಹೋಗಿಬಿಟ್ಟಿದ್ದರು.

"ನಿನ್ನ ಕೇಳ್ತಾನೇ ಇದ್ರು," ಎಂದಳು ಅಮ್ಮ. "ಲ್ಯಾಬಲ್ಲಿ ಮುಖ್ಯವಾದ ಕೆಲ್ಸ ಇದೆ ಅಂದೆ. ಸರಿ, ಮುಗಿಸ್ಕೊಂಡೇ ಬರ್ಲಿ, ಆ ಮೇಷ್ಟ್ರು ನಮ್ಮೋರು ಅಂದ್ರು."

ಹದಿಮೂರು ದಿನದ ಕರ್ಮ ಮುಗಿಸಿ ಹದಿನಾಲ್ಕನೇ ದಿನ ಲ್ಯಾಬಿಗೆ ಹೋದೆ. ಹಿಂದಿನ ದಿನವಷ್ಟೇ ಮೈಸೂರಿನಿಂದ ಬಂದಿದ್ದ ಗೈಡ್ ಇನ್ನೂ ಲ್ಯಾಬಿಗೆ ಕಾಲಿಟ್ಟಿರಲಿಲ್ಲ. ಓವನ್ ನಡೆಯುತ್ತಿತ್ತು! ತಟ್ಟೆಗಳು ಒದ್ದೆಯಾಗಿದ್ದವು. ಅಟೆಂಡರ್ ಅಣ್ಣ, ತಿರುವೊಟ್ಟಿಯೂರಿನ ಐವತ್ತು ದಾಟಿದ ಮನುಷ್ಯ, ಹೆಮ್ಮೆಯಿಂದ ಹೇಳಿದ. ಅಪ್ಪ ಹೋದ ಸುದ್ದಿ ಮರುದಿನ ತಲುಪಿದಾಗ ಸಾರ್ ಮೈಸೂರಿನಿಂದ ಫೋನ್ ಮಾಡಿ ತನಗೇ ಒಪ್ಪಿಸಿದರಂತೆ. ದಿನಕ್ಕೆ ಎರಡು ಹೊತ್ತು, ಹದಿಮೂರು ದಿನ, ಅವನೇ ನೀರು ಹಾಕಿದ್ದ. ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಹದಿಮೂರು ದಿನ ಅಟೆಂಡರ್ ಮಾಡಬಹುದಾದ ಕೆಲಸ ಆ ಒಂದು ಸಾಯಂಕಾಲ ಮಾತ್ರ ನನ್ನಿಂದಲೇ ಯಾಕೆ ಆಗಬೇಕಿತ್ತು? ಆ ಪ್ರಶ್ನೆ ಅವತ್ತು ಹೊಟ್ಟೆಯಲ್ಲಿ ಬಿದ್ದದ್ದು ಇನ್ನೂ ಅರಗಿಲ್ಲ.

ಓವನ್‌ನ ಒಳಗೆ ಕೆಳಗಿನ ಅಂತಸ್ತಿನಲ್ಲಿ ಒಂದು ಬಿಸ್ಕತ್ ಡಬ್ಬಿ ಇತ್ತು, ಮುಚ್ಚಳವಿಲ್ಲದ್ದು. ಅದರ ತುಂಬಾ ಕಡ್ಲೆಪುರಿ.

ಅವನ ಮುಖ ಸಪ್ಪೆಯಾಯಿತು. ಪೂಜೆಯ ಪ್ರಸಾದ. ಮಳೆಗೆ ಮೆತ್ತಗಾಗುತ್ತಿತ್ತು, ಬೆಚ್ಚಗಿರಲಿ ಎಂದು ಇಟ್ಟಿದ್ದನಂತೆ. "ಉಂಗಳುಕ್ಕು ದಾನಮ್ಮಾ ವೆಚ್ಚೇನ್," ನಿಮಗೋಸ್ಕರವೇ ಇಟ್ಟೆ ಎಂದ. ಎಲ್ಲರೂ ತಮ್ಮ ಪಾಲು ತಿಂದಿದ್ದರು, ನನ್ನದು ಉಳಿದಿತ್ತು. ಆಮೇಲೆ ಕೈ ಮುಗಿದ. "ಸಾರ್ ಕಿಟ್ಟ ಸೊಲ್ಲಾದೀಂಗಮ್ಮಾ, ವೇಲೆ ಪೋಯಿಡುಂ." ಸಾರ್‌ಗೆ ಹೇಳಿದರೆ ಕೆಲಸ ಹೋಗುತ್ತದೆ. ಹೇಳುವುದಿಲ್ಲ ಎಂದೆ. ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಗರಿಗರಿಯಾಗಿತ್ತು.

ಆ ಓವನ್ನಿನೊಳಗೆ ಬಿಸಿಗಾಳಿ ತಿರುಗಿಸುವ ಫ್ಯಾನ್ ಇದೆ. ಹದಿಮೂರು ದಿನ ಪುರಿಯ ಹೊಟ್ಟು ಹನ್ನೆರಡೂ ತಟ್ಟೆಗಳ ಮೇಲೆ ಉದುರಿರಬೇಕು. ಮೂವತ್ತು ಸಲ ಕೈ ತೊಳೆಸುವ ಆ ಮಡಿ ಕೋಣೆಯಲ್ಲಿ ಪ್ರಸಾದ ಮೈಲಿಗೆ ಮಾಡಿತ್ತು. ಗೈಡ್ ಹನ್ನೊಂದು ಗಂಟೆಗೆ ಬಂದರು. "ಕಾರ್ಯ ಎಲ್ಲಾ ಚೆನ್ನಾಗಾಯ್ತಾ?" ಎಂದು ಕೇಳಿ, ನಾನು ಬಾಯಿ ತೆರೆಯುವಷ್ಟರಲ್ಲಿ, "ಇನ್ನೆಷ್ಟು ದಿನ ಉಳೀತು?" ಎಂದರು. ಅಷ್ಟೊತ್ತಿಗೆ ಡಬ್ಬಿ ನನ್ನ ಚೀಲದಲ್ಲಿತ್ತು. ಅಟೆಂಡರ್ ಅಣ್ಣನನ್ನು ಉಳಿಸಲು ಸುಮ್ಮನಿದ್ದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನೆಪ.

ಅರವತ್ತು ದಿನ ಮುಗಿಯಿತು. ತಟ್ಟೆಗಳನ್ನು ಪರೀಕ್ಷಿಸಿದರೆ ಎಡದ್ದು ಹೆಚ್ಚು, ಕಣ್ಣಿಗೆ ಹೊಡೆಯುವಷ್ಟು ಹೆಚ್ಚು. ಓವನ್ ಒರೆಸದೆ ಅದರಲ್ಲೇ ಎರಡನೇ ಬ್ಲ್ಯಾಂಕ್ ಇಟ್ಟೆ. ಬರೀ ಮಣ್ಣಿನ ಆ ತಟ್ಟೆಯಲ್ಲೂ ಎಡದ್ದೇ ಬಂತು. ಅಕ್ಕಿಯ ಜೀವ. ಆ ಬ್ಲ್ಯಾಂಕಿನ ಫಲಿತಾಂಶದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೂರುಚೂರು ಹರಿದೆ. ಗೈಡ್ ನನ್ನ ಮೇಜಿಗೆ ಬಂದು ತಟ್ಟೆಗಳ ಫಲಿತಾಂಶ ನೋಡಿದರು. ಮೂರು ಸಲ ನೋಡಿದರು.

"ಎರಡೂ ಬ್ಲ್ಯಾಂಕ್ ಆಯ್ತಾ?"

"ಆಯ್ತು ಸಾರ್. ಎರಡೂ ಕ್ಲೀನ್."

ಬೇರೆ ಯಾರೇ ಹೇಳಿದ್ದರೂ ಅವರು ಕಾಗದ ಕೇಳುತ್ತಿದ್ದರು. ನನ್ನನ್ನು ಕೇಳಲಿಲ್ಲ. ನಾನು ನಮ್ಮೋಳಲ್ಲವೇ?

ಮುಂದಿನ ಎರಡು ವರ್ಷ ಅವರದು. ಪ್ರಬಂಧ ಅಚ್ಚಾಯಿತು. ಪತ್ರಿಕೆಯಲ್ಲಿ ಫೋಟೋ ಬಂತು, ಕೈಯಲ್ಲಿ ನಾನು ಹೊತ್ತು ತಂದ ಮಣ್ಣಿನ ಹೆಂಟೆ. ಬ್ರಹ್ಮ ಎಂದು ನಕ್ಕವರೇ ಮಾಲೆ ಹಾಕಿದರು. ಮೆಟ್ಟಿಲ ಕೆಳಗಿನಿಂದ ಎರಡನೇ ಮಹಡಿಯ ದೊಡ್ಡ ಕೋಣೆಗೆ ಹೋದೆವು. ನಾನು ಒಂದೊಂದನ್ನೂ ಕಣ್ತುಂಬ ನೋಡಿದೆ. ಏರಲಿ, ಇನ್ನೂ ಏರಲಿ, ಬೀಳುವಾಗ ಸದ್ದು ಜೋರಾಗಿರಬೇಕು ಎಂದು ಕಾದೆ. ನನ್ನ ಥೀಸಿಸ್ ಬರೆಯುವುದನ್ನು ನಾನೇ ನಿಧಾನ ಮಾಡಿದೆ, ತಮಾಷೆ ಮುಗಿಯುವ ಮುಂಚೆ ಎದ್ದು ಹೋಗುವುದು ಹೇಗೆ! ಇಷ್ಟು ಕೆಟ್ಟತನ ನನ್ನಲ್ಲಿದೆ ಎಂದು ಅದಕ್ಕೆ ಮುಂಚೆ ನನಗೇ ಗೊತ್ತಿರಲಿಲ್ಲ.

ಹೊರದೇಶದವರು ಮಣ್ಣು ತರಿಸಿಕೊಂಡು ತಾವೂ ಮಾಡಿ ನೋಡಿದರು. ಎಡದ್ದೂ ಹೆಚ್ಚಿಲ್ಲ, ಬಲದ್ದೂ ಹೆಚ್ಚಿಲ್ಲ, ಸಮಸಮ. ನಮ್ಮ ತಟ್ಟೆಗಳನ್ನೇ ಕಳಿಸಿ ಎಂದರು. ಗೈಡ್ ಧೈರ್ಯವಾಗಿ ಕಳಿಸಿದರು. ಉತ್ತರ ಬಂತು. ಇದರಲ್ಲಿ ನೀವು ಹಾಕದೇ ಇರುವ ಇನ್ನೂ ಏಳೆಂಟು ಅಮೈನೋ ಆಮ್ಲಗಳಿವೆ, ಯಾವುದೋ ಧಾನ್ಯದ ಹಾಗೆ ಕಾಣುತ್ತದೆ. ಎರಡು ಸಾವಿರದ ಮೂರರಲ್ಲಿ ನಮ್ಮ ಸಂಸ್ಥೆಯಲ್ಲೇ ನಡೆದ ಒಂದು ಸಭೆಯಲ್ಲಿ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ನಿಂತು, "ಹಾಗಾದರೆ ಜೀವ ಹುಟ್ಟಿದ್ದು ಅಕ್ಕಿ ಗಿರಣಿಯಲ್ಲೋ?" ಎಂದು ಕೇಳಿದರು. ಸಭೆ ಗೊಳ್ಳೆಂದು ನಕ್ಕಿತು. ನಾನು ಕೊನೆಯ ಸಾಲಿನಲ್ಲಿದ್ದೆ, ನಾನೂ ನಕ್ಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ವೇದಿಕೆಯ ಮೇಲೆ ಅವರು ಪಾರದರ್ಶಕ ಹಾಳೆಗಳನ್ನು ಜೋಡಿಸಿಕೊಳ್ಳುತ್ತ ನಿಂತಿದ್ದರು. ಒಂದು ಹಾಳೆ ಕೆಳಗೆ ಬಿತ್ತು, ಬಗ್ಗಿ ಎತ್ತಿಕೊಂಡರು. ಆ ಹಾಳೆ ಎತ್ತಿದ್ದು ಈಗಲೂ ಕಣ್ಣಿಗೆ ಕಟ್ಟಿದೆ… ಯಾಕೋ.

ಮರುದಿನ ಕೋಣೆಗೆ ಕರೆದರು. ಬಾಗಿಲು ಹಾಕಲು ಹೇಳಿದರು.

"ಎರಡನೇ ಬ್ಲ್ಯಾಂಕ್ ನಿಜವಾಗ್ಲೂ ಮಾಡಿದ್ಯಾ?"

"ಮಾಡಿದ್ದೆ ಸಾರ್."

"ಕ್ಲೀನ್ ಇತ್ತಾ?"

"ಇರಲಿಲ್ಲ."

ಅವರು ಬೈಯುತ್ತಾರೆ ಎಂದು ಕಾದೆ. ಅದಕ್ಕಾಗಿ ಮೂರು ವರ್ಷದಿಂದ ಉತ್ತರ ಮಸೆದು ಇಟ್ಟುಕೊಂಡಿದ್ದೆ. ಅವರು ಬೈಯಲಿಲ್ಲ. ಓವನ್ನಿನಲ್ಲಿ ಏನಿತ್ತು ಎಂದು ಕೇಳಿದರು. ಕಡ್ಲೆಪುರಿ ಎಂದೆ. ಇಟ್ಟವರು ಯಾರು ಎಂದಾಗ ಗೊತ್ತಿಲ್ಲ ಎಂದೆ. "ಕಡ್ಲೆಪುರಿ," ಎಂದು ಅವರು ತಮಗೆ ತಾವೇ ಒಂದು ಸಲ ಹೇಳಿಕೊಂಡರು. ಆಮೇಲೆ, "ಯಾಕಮ್ಮ?" ಎಂದರು.

"ನಮ್ಮಪ್ಪ ಹೋದ ದಿನ ಸಾಯಂಕಾಲದ ನೀರಿಗೆ ಅಂತ ನನ್ನ ನಿಲ್ಲಿಸಿದ್ರಿ ಸಾರ್. ನಾನು ನೀರು ಹಾಕೋ ಹೊತ್ತಿಗೆ ಅವರು ಹೋಗಿ ಒಂದೂವರೆ ಗಂಟೆ ಆಗಿತ್ತು."

"ಅವತ್ತೇನಾ?" ಅವರು ಕನ್ನಡಕ ತೆಗೆದರು. "ಸ್ವಲ್ಪ ಹುಷಾರಿಲ್ಲ ಅಂದಿದ್ಯಲ್ಲಮ್ಮ…"

ಹೌದು, ಸ್ವಲ್ಪ ಎಂದಿದ್ದೆ. ಆ ಒಂದು ಶಬ್ದವನ್ನು ಹಿಡಿದು ನಾನು ಎಷ್ಟೋ ರಾತ್ರಿ ನನ್ನ ಜೊತೆಯೇ ಜಗಳವಾಡಿದ್ದೇನೆ. ಎದೆ ನೋವು ಎಂದಿದ್ದರೆ ಬಿಡುತ್ತಿದ್ದರೋ ಏನೋ. ಆದರೆ ಮಗಳೊಬ್ಬಳು ಹಬ್ಬದ ಹಿಂದಿನ ದಿನ ಬೂತಿನಿಂದ ಫೋನ್ ಮಾಡಿ ಅಪ್ಪನಿಗೆ ಸ್ವಲ್ಪ ಹುಷಾರಿಲ್ಲ ಎಂದರೆ ಅದರ ಅರ್ಥ ಏನೆಂದು ಮೈಸೂರಿನವರಿಗೆ ಯಾರಾದರೂ ಬಿಡಿಸಿ ಹೇಳಬೇಕೇ? ನಮ್ಮೋಳು ಎನ್ನುವವರಿಗೆ ನಮ್ಮ ಮಾತು ಅಷ್ಟೂ ತಿಳಿಯಬಾರದೇ?

ಕನ್ನಡಕ ಮತ್ತೆ ಹಾಕಿಕೊಂಡು ಅವರು ಕೇಳಿದ್ದು ನಾನು ಎಣಿಸದೇ ಇದ್ದದ್ದು. "ಆ ಇಪ್ಪತ್ತನೇ ದಿನದ್ದು ಒಂದು ಟ್ಯೂಬ್ ಸೀಲ್ ಮಾಡಿದ್ಯಲ್ಲ, ಇದ್ಯಾ? ಅದು ಪೂಜೆಗೆ ಮುಂಚಿನದು. ಅದರಲ್ಲಿ ಕೊಳೆ ಇಲ್ಲ. ಅದೊಂದಿದ್ರೆ ನಿನ್ನ ಥೀಸಿಸ್ ಉಳಿಯತ್ತೆ. ನಂದು ಹೋಗ್ಲಿ. ನಿಂದು ನಿಜ ಅಂತ ನಾನೇ ಬರ್ಕೊಡ್ತೀನಿ."

ಟ್ಯೂಬ್ ನನ್ನ ಕೈಚೀಲದಲ್ಲೇ ಇತ್ತು. ಹೊರದೇಶದ ಪತ್ರ ಬಂದ ದಿನವೇ ಬೀರುವಿನಿಂದ ತೆಗೆದು ಹತ್ತಿಯಲ್ಲಿ ಸುತ್ತಿ ಊಟದ ಡಬ್ಬಿಯ ಪಕ್ಕ ಇಟ್ಟುಕೊಂಡಿದ್ದೆ. ಚೀಲ ತೊಡೆಯ ಮೇಲಿತ್ತು, ಬೆರಳಿಗೆ ಹತ್ತಿ ತಾಗುತ್ತಿತ್ತು. ಕೊಟ್ಟರೆ ನನಗೆ ಪದವಿ, ನನ್ನ ಸರಪಣಿಗೆ ಒಂದು ಹೆಸರು. ಆದರೆ ಅದರ ಹಿಂದೆಯೇ ಅವರ ಲ್ಯಾಬಿನಲ್ಲಿ ಒಂದಾದರೂ ನಿಜ ಇತ್ತು ಎಂದಾಗುತ್ತದೆ. ಅವರಿಗೆ ಅಷ್ಟು ಉಳಿಯುವುದೂ ನನಗೆ ಬೇಡವಾಗಿತ್ತು. ಅದೂ ಅಲ್ಲದೆ ಅಂದು ಕಲ್ಲಿನ ಕೆಮಿಸ್ಟ್ರಿ ಎಂದು ಅರ್ಧ ನಿಮಿಷದಲ್ಲಿ ವಾಪಸ್ ಕೊಟ್ಟವರು ಇವರೇ ಅಲ್ಲವೇ?

"ಒಡೆದುಹೋಯ್ತು ಸಾರ್," ಎಂದೆ.

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಅಮ್ಮ ಹೇಳುತ್ತಿದ್ದಳು. ನಾನು ನನ್ನ ಮೂಗನ್ನು ಕೊಯ್ದುಕೊಂಡದ್ದು ಸಿಟ್ಟಿನಲ್ಲೂ ಅಲ್ಲ, ತಣ್ಣಗೆ ಕೂತು. ಅವರು ಪ್ರಬಂಧವನ್ನು ಹಿಂತೆಗೆದುಕೊಂಡರು. ಅದು ಅಚ್ಚಾಗಿದ್ದ ಪತ್ರಿಕೆಗೆ ಬರೆದ ಪತ್ರದಲ್ಲಿ ನನ್ನ ಹೆಸರಿಲ್ಲ, ಅಟೆಂಡರ್ ಅಣ್ಣನ ಸುದ್ದಿಯಿಲ್ಲ. "ತಪ್ಪು ಪೂರ್ತಿ ನನ್ನದು, ಎರಡನೇ ಬ್ಲ್ಯಾಂಕನ್ನು ನಾನೇ ಕಣ್ಣಾರೆ ನೋಡಬೇಕಿತ್ತು" ಎಂದಷ್ಟೇ ಇತ್ತು. ಓದಿ ಮೈ ಉರಿದುಹೋಯಿತು. ನನ್ನನ್ನು ಬೀದಿಗೆ ಎಳೆದಿದ್ದರೆ ಅಪ್ಪನ ವಿಷಯ ಎಲ್ಲರ ಮುಂದೆ ಹೇಳಬಹುದಿತ್ತು. ಅದನ್ನೂ ಕಿತ್ತುಕೊಂಡರು. ಥೀಸಿಸ್ ಅರ್ಧಕ್ಕೇ ಬಿಟ್ಟು ಹೊರಬಂದೆ. ಆಮೇಲಿಂದ ಇಲ್ಲೇ ಒಂದು ಶಾಲೆಯಲ್ಲಿ ಹನ್ನೆರಡನೇ ಕ್ಲಾಸಿನ ಮಕ್ಕಳಿಗೆ ಕೆಮಿಸ್ಟ್ರಿ ಹೇಳುತ್ತಿದ್ದೇನೆ. ಎಡ ಬಲದ ಪಾಠ ಬಂದಾಗ ಬೋರ್ಡಿನ ಮೇಲೆ ಎರಡು ಕೈ ಬರೆದು ಬೇಗ ಮುಗಿಸಿಬಿಡುತ್ತೇನೆ.

ಎರಡು ಸಾವಿರದ ಎಂಟರ ಸುಮಾರಿಗೆ ಅಟೆಂಡರ್ ಅಣ್ಣ ಫೋನ್ ಮಾಡಿದ. "ಸಾರ್ ಪೋಯಿಟ್ಟಾರಮ್ಮಾ." ಸಾರ್ ಹೋಗಿಬಿಟ್ಟರು. ನಾನು ಹೋಗಲಿಲ್ಲ. ಅವನು ಇನ್ನೊಂದು ಸಂಗತಿ ಹೇಳಿದ. ನಿವೃತ್ತಿಗೆ ಮುಂಚಿನ ತಿಂಗಳು ಅವರು ಮತ್ತೆ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ತಟ್ಟೆಗಳನ್ನು ಇಟ್ಟಿದ್ದರಂತೆ. ಇಪ್ಪತ್ತು ದಿನದ ಲೆಕ್ಕಕ್ಕೆ. ಎಂಟಕ್ಕೊಮ್ಮೆ, ಆರಕ್ಕೊಮ್ಮೆ ತಾವೇ ನೀರು ಹಾಕುತ್ತಿದ್ದರಂತೆ, ಇವನನ್ನು ಬಾಗಿಲೊಳಗೆ ಬಿಡದೆ. ಕೈ ನಡುಗಿ ಅರ್ಧ ನೀರು ಹೊರಗೆ. ಯಾಕೆ ಸಾರ್ ಎಂದರೆ ಆ ಹುಡುಗಿಯದು ಒಂದು ಉಳಿದಿದೆ ಎಂದರಂತೆ. ಹದಿನೇಳನೇ ದಿನ ಕೋಣೆ ಬೇರೆಯವರಿಗೆ ಬೇಕೆಂದು ಸಂಸ್ಥೆಯವರು ಓವನ್ ಆರಿಸಿ ಸಾಮಾನು ಹೊರಗಿಟ್ಟರು.

ಅದನ್ನು ಕೇಳಿ ನಾನು ಕರಗಿಹೋದೆ ಎಂದು ಬರೆದರೆ ಚೆನ್ನಾಗಿರುತ್ತದೆ. ನನಗೆ ಬಂದದ್ದು ಸಿಟ್ಟು. ಅಷ್ಟು ನೀರು ಹಾಕುವವರು ಅವತ್ತು ಮೈಸೂರಿಗೆ ಹೋಗದೆ ಇಲ್ಲೇ ಇದ್ದು ಒಂದು ಸಾಯಂಕಾಲದ್ದು ಹಾಕಬಹುದಿತ್ತಲ್ಲ. ಫೋನ್ ಇಟ್ಟ ಮೇಲೆ ಬೀರು ತೆಗೆದು ಟ್ಯೂಬ್ ನೋಡಿದೆ. ಮೂರೇ ದಿನ ಕಡಿಮೆ… ಅವರ ಬಳಿ ಇಲ್ಲದ್ದು ನನ್ನ ಸೀರೆಗಳ ನಡುವೆ ಇತ್ತು. ಆಗಲೂ ಯಾರಿಗೂ ತೋರಿಸಲಿಲ್ಲ.

ವೇಲಚೇರಿಗೆ ನೀರು ನುಗ್ಗಿದ ವರ್ಷ ನಾವು ಕೆಳಗಿನ ಮನೆಯಲ್ಲಿದ್ದೆವು. ಮಂಡಿಯುದ್ದ ನೀರಿನಲ್ಲಿ ನನ್ನ ಯಜಮಾನರು ಮನೆಪತ್ರ ಹುಡುಕುತ್ತಿದ್ದರೆ ನಾನು ಆ ಟ್ಯೂಬನ್ನು ಬಾಯಲ್ಲಿ ಕಚ್ಚಿಕೊಂಡು ಮೆಟ್ಟಿಲು ಹತ್ತಿದೆ. ಗಾಜಿಗೆ ಏನೂ ಆಗಲಿಲ್ಲ. ಲೇಬಲ್ ಮಾತ್ರ ನೆನೆದು, ಶಾಯಿ ಹರಡಿ, ದಿನಾಂಕ ಅಳಿಸಿಹೋಗಿತ್ತು. ನನ್ನ ಹಳೆಯ ನೋಟ್‌ಬುಕ್ಕುಗಳು ಬೀರುವಿನ ಕೆಳಗಿನ ಅರೆಯಲ್ಲಿ ಅಂಬಲಿಯಾಗಿದ್ದವು. ಇನ್ನು ಅದು ಇಪ್ಪತ್ತನೇ ದಿನದ ಮಣ್ಣು ಎಂದು ಹೇಳಬಲ್ಲವರು ನಾನು ಮತ್ತು ಅವರು, ಇಬ್ಬರೇ. ಅವರಿಲ್ಲ. ನನ್ನ ಮಾತನ್ನು ನಂಬುವವರು ಯಾರು? ಒಮ್ಮೆ ಕ್ಲೀನ್ ಎಂದವಳು, ಇನ್ನೊಮ್ಮೆ ಒಡೆದುಹೋಯಿತು ಎಂದವಳು.

ಇವತ್ತು ಬಾಣಲೆ ಹಾಗೇ ಬಿಟ್ಟು ಹೋಗಿ ಅದನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟೆ. ಬೆರಳುದ್ದದ ಗಾಜು, ತಳದಲ್ಲಿ ಬೂದು ಬಣ್ಣದ ಒಂದು ಚಿಟಿಕೆ. ಅವರು ಕೈ ಹಿಡಿದು ಕಲಿಸಿದ ಮುಚ್ಚುಗೆ, ಒಂದು ಕೂದಲೆಳೆಯಷ್ಟೂ ಬಿರುಕಿಲ್ಲ. ಅವರ ಮೇಲಿನ ಸಿಟ್ಟು ಇನ್ನೂ ಇದೆ, ಸಾಯುವ ತನಕ ಇರುತ್ತದೆ. ಅಪ್ಪನನ್ನು ಅವರು ವಾಪಸ್ ಕೊಡುವಂತಿರಲಿಲ್ಲ. ಈ ಚಿಟಿಕೆ ನಿಜ ಎಂಬ ಮಾತನ್ನು ಮಾತ್ರ ಕೊಡಲು ಬಂದಿದ್ದರು, ನಾನು ಬೇಡವೆಂದೆ. ಅದು ನನ್ನದಾಗಿತ್ತು.

ಈಗಲಾದರೂ ಟ್ಯೂಬಿನ ಕುತ್ತಿಗೆ ಮುರಿದು ಯಾರಿಗಾದರೂ ಕೊಟ್ಟು ನೋಡಿ ಎನ್ನಬಹುದು. ಕೈಯಲ್ಲಿ ಎತ್ತಿಕೊಂಡೂ ಇದ್ದೆ. ಆದರೆ ಮುರಿದ ಕೂಡಲೇ ಮನೆಯ ಗಾಳಿ ಒಳಗೆ ಹೋಗುತ್ತದೆ. ಮನೆಯ ತುಂಬಾ ಇನ್ನೂ ಕಡ್ಲೆಪುರಿಯ ವಾಸನೆ ಇತ್ತು. ಟ್ಯೂಬನ್ನು ಹತ್ತಿಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟು ಬಂದೆ.